ಎರಡು ಚಾಕು, ಒಂದು ಮಸೆಗಲ್ಲು

ಅಪ್ಪಿ,

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹಿಡಿದು ಸ್ವಂತ ಅಡುಗೆ ಶುರು ಮಾಡಿದ್ದೀಯ ಎಂದು ಕೇಳಿ ಬಹಳ ಸಂತೋಷವಾಯಿತು. ಮರದ ಸ್ಟ್ಯಾಂಡಿನಲ್ಲಿ ಸಾಲಾಗಿ ನಿಲ್ಲಿಸಿದ ಚಾಕುಗಳ ಸೆಟ್ಟಿನ ಫೋಟೋ ಕಳಿಸಿ, ‘ತಗೊಳ್ಲಾ ದೊಡ್ಡಮ್ಮ?’ ಎಂದು ಕೇಳಿದ್ದೀಯ. ಬೇಡ. ಕಾರಣ ಫೋನಿನಲ್ಲಿ ಹೇಳಿ ಮುಗಿಯುವಂಥದ್ದಲ್ಲ. ನಿನ್ನ ಹಾಗೆ ಹೊಸದಾಗಿ ಒಲೆ ಹೂಡಿದವರು ಇನ್ನೂ ಎಷ್ಟೋ ಮಂದಿ ಇದ್ದಾರೆ. ಅವರಿಗೂ ಉಪಯೋಗಕ್ಕೆ ಬರಲೆಂದು ಎಲ್ಲರೂ ಓದುವ ಹಾಗೆಯೇ ಬರೆಯುತ್ತಿದ್ದೇನೆ.

ಮನೆ ಅಡುಗೆಗೆ ಎರಡು ಚಾಕು ಸಾಕು. ಒಂದು ದೊಡ್ಡದು, ಅಲಗು ಆರೇಳು ಇಂಚು, ಕೈ ದೊಡ್ಡದಿದ್ದರೆ ಎಂಟು. ಇನ್ನೊಂದು ಚಿಕ್ಕದು, ಮೂರರಿಂದ ನಾಲ್ಕು ಇಂಚು. ಸೊಪ್ಪು, ಎಲೆಕೋಸು, ಈರುಳ್ಳಿ, ಕುಂಬಳಕಾಯಿ ಎಲ್ಲ ದೊಡ್ಡದರ ಪಾಲು. ಸಿಪ್ಪೆ ಹೆರೆಯುವುದು, ತೊಟ್ಟು ಬಿಡಿಸುವುದು, ಬದನೆಕಾಯಿಗೆ ಎಣ್ಣೆಗಾಯಿಯ ಸೀಳು ಹಾಕುವುದು ಚಿಕ್ಕದರ ಪಾಲು. ಇಡೀ ಬ್ರೆಡ್ಡು ತರುವ ಅಭ್ಯಾಸವಿದ್ದರೆ ಗರಗಸದ ಹಲ್ಲಿನದೊಂದು ಇರಲಿ. ಮೀನು, ಮಾಂಸ ಮಾಡುವ ಮನೆಯವರಿಗೂ ಈಗ ಅಂಗಡಿಯಲ್ಲೇ ಕತ್ತರಿಸಿ ಕೊಡುತ್ತಾರೆ. ಸೆಟ್ಟಿನಲ್ಲಿ ಉಳಿದದ್ದೆಲ್ಲ ಸ್ಟ್ಯಾಂಡಿನ ತೂತು ತುಂಬಲಿಕ್ಕೆ ಇರುವುದು. ಅಷ್ಟು ಚಾಕುಗಳಿಗೆ ಹಂಚಿಹೋಗುವ ದುಡ್ಡು ಎರಡರ ಮೇಲೆ ಬಿದ್ದರೆ ಎಷ್ಟು ಒಳ್ಳೆಯ ಉಕ್ಕು ಸಿಗುತ್ತದೆ ಎಂದು ಯೋಚಿಸು.

ನೋಡಬೇಕಾದದ್ದು ಆ ಉಕ್ಕನ್ನೇ. ಕಬ್ಬಿಣಕ್ಕೆ ಇಂಗಾಲ ಸೇರಿ ಉಕ್ಕಾಗುತ್ತದೆ. ಕಾಯಿಸಿ, ತಣಿಸಿ, ಹದ ಹಾಕಿದಾಗ ಅದನ್ನು ಗಡಸು ಮಾಡುವುದೂ ಆ ಇಂಗಾಲವೇ. ತುಕ್ಕು ತಡೆಯುವುದು ಕ್ರೋಮಿಯಂ. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ಎಂಬಾತ ಬಂದೂಕಿನ ನಳಿಗೆಗೆಂದು ಬೇಗ ಸವೆಯದ ಉಕ್ಕು ಹುಡುಕುತ್ತಿದ್ದಾಗ ನೂರಕ್ಕೆ ಸುಮಾರು 13 ಭಾಗ ಕ್ರೋಮಿಯಂ ಇರುವ ಉಕ್ಕು ತಯಾರಿಸಿದ. ವಿನೆಗರ್, ನಿಂಬೆರಸ ತಾಗಿದರೂ ಅದಕ್ಕೆ ಕಲೆ ಹಿಡಿಯದ್ದನ್ನು ಕಂಡು, ಇದು ಚಾಕುವಿಗೆ ಸರಿ ಎಂದು ಹಟ ಹಿಡಿದ. ಹುಣಸೆ, ಮಾವಿನಕಾಯಿ, ನಿಂಬೆ ದಿನವೂ ಮುಟ್ಟುವ ನಮ್ಮ ಅಡುಗೆಮನೆಗೆ ಅದರಿಂದ ಆದ ಉಪಕಾರ ಸಣ್ಣದಲ್ಲ.

ಆದರೆ ಸ್ಟೇನ್‌ಲೆಸ್ ಎಂದು ಬರೆದದ್ದೆಲ್ಲ ಚಾಕುವಿನ ಉಕ್ಕಲ್ಲ. ಊಟದ ತಟ್ಟೆ, ಲೋಟಕ್ಕೆ ಬಳಸುವ ಸ್ಟೀಲು ಹೊಳೆಯುತ್ತದೆ, ತುಕ್ಕು ಹಿಡಿಯುವುದಿಲ್ಲ. ಆದರೆ ಅದನ್ನು ಕಾಯಿಸಿ ತಣಿಸಿದರೂ ಗಡಸಾಗುವುದಿಲ್ಲ, ಆದ್ದರಿಂದ ಹರಿತ ನಿಲ್ಲುವುದಿಲ್ಲ. ಪರೀಕ್ಷೆ ಸುಲಭ: ಅಂಗಡಿಗೆ ಹೋಗುವಾಗ ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಅಯಸ್ಕಾಂತವೊಂದನ್ನು ಜೇಬಿನಲ್ಲಿಟ್ಟುಕೊ. ಅಲಗಿಗೆ ಅಂಟಿದ ಮಾತ್ರಕ್ಕೆ ಒಳ್ಳೆಯ ಚಾಕು ಎನ್ನಲಾಗದು. ಅಂಟದಿದ್ದರೆ ಮಾತ್ರ ಖಂಡಿತ ಕೊಳ್ಳಬೇಡ.

ಒಳ್ಳೆಯ ಕಂಪನಿಯವರು ಎಚ್‌ಆರ್‌ಸಿ ಎಂಬ ಅಂಕಿ ಕೊಟ್ಟಿರುತ್ತಾರೆ. ವಜ್ರದ ಮೊನೆಯನ್ನು 150 ಕಿಲೋ ಭಾರದಲ್ಲಿ ಉಕ್ಕಿಗೆ ಒತ್ತಿ, ಅದು ಎಷ್ಟು ಆಳ ಇಳಿಯಿತು ಎಂದು ಅಳೆದು ಹೇಳುವ ಗಡಸುತನದ ಲೆಕ್ಕ ಅದು. ಜರ್ಮನಿ, ಸ್ವಿಟ್ಜರ್‌ಲೆಂಡಿನ ಚಾಕುಗಳು ಸಾಮಾನ್ಯವಾಗಿ 55ರಿಂದ 58ರ ನಡುವೆ ಇರುತ್ತವೆ. ಜಪಾನಿನ ಅನೇಕ ಚಾಕುಗಳು 60 ದಾಟುತ್ತವೆ. ಅಂಕಿ ದೊಡ್ಡದಾದಷ್ಟೂ ಒಳ್ಳೆಯದು ಎಂದು ಮಾರುವವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಗಡಸು ಉಕ್ಕು ತೆಳ್ಳಗೆ ಮಸೆಸಿಕೊಳ್ಳುತ್ತದೆ, ಹರಿತ ಬಹಳ ದಿನ ನಿಲ್ಲುತ್ತದೆ, ನಿಜ. ಮೀನನ್ನು ಕಾಗದದಷ್ಟು ತೆಳ್ಳಗೆ ತೆಗೆಯುವ ಜಪಾನಿನವರ ಅಡುಗೆಗೆ ಅದೇ ಬೇಕು. ನಾವು ಕುಂಬಳಕಾಯಿಗೆ ಅಲಗು ಇಳಿಸಿ ತಿರುಚುತ್ತೇವೆ, ಸುವರ್ಣಗಡ್ಡೆ ಸೀಳುತ್ತೇವೆ, ಒಣಕೊಬ್ಬರಿ ಹೆಚ್ಚುತ್ತೇವೆ. ಅಂಥಲ್ಲಿ ಗಡಸು ಬಾಯಿ ಚಕ್ಕೆ ಎದ್ದುಬಿಡುತ್ತದೆ. 56ರ ಉಕ್ಕು ಹೆಚ್ಚೆಂದರೆ ಒಂದಿಷ್ಟು ಮಡಚಿಕೊಳ್ಳುತ್ತದೆ, ಮಸೆದರೆ ಸರಿಹೋಗುತ್ತದೆ. ನಮ್ಮ ಅಡುಗೆಗೆ ಅದೇ ಸರಿ. ಅಲಗಿನ ಮೇಲೆ ಎಕ್ಸ್50ಸಿಆರ್‌ಎಂಒವಿ15 ಎಂದು ಕೊರೆದಿದ್ದರೆ, ನೂರಕ್ಕೆ ಅರ್ಧ ಭಾಗ ಇಂಗಾಲ, 15 ಭಾಗ ಕ್ರೋಮಿಯಂ ಇದೆ ಎಂದರ್ಥ; ಕಣ್ಣುಮುಚ್ಚಿ ಕೊಳ್ಳಬಹುದಾದ ಉಕ್ಕು. ‘ಜರ್ಮನ್ ಸ್ಟೀಲ್’ ಎಂಬ ಬರೀ ಮಾತಿಗೆ ಮರುಳಾಗಬೇಡ. ಜೋಲಿಂಗೆನ್ ಎಂಬ ಜರ್ಮನಿಯ ಊರಿನ ಹೆಸರಿಗೆ 1938ರಿಂದಲೇ ಕಾನೂನಿನ ರಕ್ಷಣೆ ಇದೆ, ಬೇರೆ ಕಡೆ ಮಾಡಿದ್ದಕ್ಕೆ ಆ ಹೆಸರು ಹಾಕುವಂತಿಲ್ಲ. ‘ಜರ್ಮನ್ ಸ್ಟೀಲ್’ ಎನ್ನುವುದಕ್ಕೆ ಅಂಥ ಕಾವಲೇನೂ ಇಲ್ಲ. ಹಾಗೆಯೇ ಅಲಗಿನ ಮೇಲೆ ಅಲೆಅಲೆಯಾದ ಚಿತ್ತಾರವಿರುವ ಅಗ್ಗದ ಡಮಾಸ್ಕಸ್ ಚಾಕು. ಪದರ ಪದರ ಬೆಸೆದು ಬಡಿದ ಉಕ್ಕಿನಲ್ಲಿ ತಾನಾಗಿ ಮೂಡಬೇಕಾದ ಗೆರೆಯನ್ನು ಲೇಸರಿನಲ್ಲಿ ಬರೆದಿರುತ್ತಾರೆ.

ಕೈಯಲ್ಲಿ ಹಿಡಿಯದೆ ಚಾಕು ಕೊಳ್ಳಬೇಡ. ಹೆಬ್ಬೆರಳು, ತೋರುಬೆರಳಿನಿಂದ ಅಲಗಿನ ಬುಡವನ್ನೇ ಚಿವುಟಿ ಹಿಡಿದು, ಉಳಿದ ಮೂರು ಬೆರಳು ಹಿಡಿಕೆಯ ಸುತ್ತ ಬರಲಿ. ಅಲಗಿನ ಬೆನ್ನು ಬೆರಳಿಗೆ ಒತ್ತಬಾರದು, ಗೆಣ್ಣು ಮಣೆಗೆ ತಾಗಬಾರದು. ಅಲಗಿನ ಲೋಹ ಹಿಡಿಕೆಯ ತುದಿವರೆಗೂ ಹೋಗಿದ್ದರೆ ಗಟ್ಟಿ. ಹಿಡಿಕೆ ಒದ್ದೆ ಕೈಗೆ ಜಾರಬಾರದು; ನುಣುಪಾದ ಸ್ಟೀಲು ಹಿಡಿಕೆ ಎಣ್ಣೆಗೈಗೆ ಜಾರುತ್ತದೆ.

ನಮ್ಮೂರ ಕುಲುಮೆಯ ಚಾಕುವನ್ನೂ ಹೇಳದೆ ಬಿಡಲಾರೆ. ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯನ್ನು ಬಡಿದು ಮಾಡಿದ ಕತ್ತಿ, ಚಾಕು ಜಾತ್ರೆಯಲ್ಲಿ ಈಗಲೂ ಸಿಗುತ್ತವೆ. ಒಳ್ಳೆಯ ಇಂಗಾಲದ ಉಕ್ಕು, ಮಸೆದರೆ ಬೇಗ ಹರಿತವಾಗುತ್ತದೆ. ಆದರೆ ಬಾಳೆದಿಂಡು, ಮಾವಿನಕಾಯಿ ಮುಟ್ಟಿದರೆ ಕಪ್ಪಾಗುತ್ತದೆ, ಒದ್ದೆ ಬಿಟ್ಟರೆ ಬೆಳಗಾಗುವುದರೊಳಗೆ ತುಕ್ಕು. ಹೆಚ್ಚಿದ ಕೂಡಲೇ ತೊಳೆದು ಒರೆಸಿ ಒಂದು ಹನಿ ಕೊಬ್ಬರಿಎಣ್ಣೆ ಸವರುವ ತಾಳ್ಮೆಯಿದ್ದರೆ ಅಂಥದ್ದೂ ಒಂದಿರಲಿ. ಹಲಸಿನಕಾಯಿಗಂತೂ ಅದೇ ಸರಿ. ಹೇಗೂ ಮೇಣ ಅಂಟದಿರಲು ಎಣ್ಣೆ ಹಚ್ಚಲೇಬೇಕು.

ಇನ್ನು ನಿಜವಾದ ವಿಷಯ, ಮಸೆಯುವುದು. ಎಷ್ಟು ಬೆಲೆಯ ಚಾಕುವೂ ದಿನದ ಬಳಕೆಯಲ್ಲಿ ಕೆಲವು ತಿಂಗಳಿಗೆ ಮೊಂಡಾಗುತ್ತದೆ. ಮೊಂಡು ಚಾಕುವನ್ನು ಒತ್ತಬೇಕು, ಒತ್ತಿದಾಗ ಜಾರುತ್ತದೆ, ಕೈ ಕುಯ್ಯುವುದು ಆಗ. ಈರುಳ್ಳಿಯಲ್ಲಿ ಕಣ್ಣೀರು ಹೆಚ್ಚುವುದಕ್ಕೂ ಅದೇ ಕಾರಣ: ಮೊಂಡು ಬಾಯಿ ಈರುಳ್ಳಿಯ ಕೋಶಗಳನ್ನು ಜಜ್ಜುತ್ತದೆ, ಒಳಗಿನ ಕಿಣ್ವ ಗಂಧಕದ ಅಂಶಗಳೊಡನೆ ಬೆರೆತು ಕಣ್ಣು ಉರಿಸುವ ಅನಿಲ ಏಳುತ್ತದೆ. ಹರಿತ ಬಾಯಿ ಕಡಿಮೆ ಜಜ್ಜುತ್ತದೆ.

ನೀರಿನಲ್ಲಿ ನೆನೆಸುವ ಮಸೆಗಲ್ಲು ತಗೋ, ಒಂದು ಬದಿ 1000 ಗ್ರಿಟ್, ಇನ್ನೊಂದು ನುಣುಪು ಬದಿ 3000 ಗ್ರಿಟ್ ಇರುವುದು. ಒದ್ದೆ ಬಟ್ಟೆಯ ಮೇಲೆ ಇಟ್ಟರೆ ಕಲ್ಲು ಜರುಗುವುದಿಲ್ಲ. ಚಾಕುವನ್ನು ಕಲ್ಲಿನ ಮೇಲೆ ನೆಟ್ಟಗೆ ನಿಲ್ಲಿಸು. ಅರ್ಧಕ್ಕೆ ಬಾಗಿಸಿದರೆ 45 ಡಿಗ್ರಿ, ಅದರ ಅರ್ಧ 22, ಇನ್ನೊಂದು ಚೂರು ತಗ್ಗಿಸು. ಆ ಓರೆಯನ್ನು ಬಿಡದೆ ಬುಡದಿಂದ ಮೊನೆವರೆಗೆ ನಿಧಾನಕ್ಕೆ ಎಳೆ. ಇನ್ನೊಂದು ಮಗ್ಗುಲಿನಲ್ಲಿ ಬೆರಳನ್ನು ಬೆನ್ನಿನಿಂದ ಬಾಯಿಯ ಕಡೆಗೆ ಹಗುರವಾಗಿ ಸವರಿದರೆ ತರಿತರಿಯಾದ ಅಂಚು ತಾಗಬೇಕು. ಉದ್ದಕ್ಕೂ ತಾಗಿತೆಂದರೆ ಆ ಬದಿ ಮುಗಿಯಿತು, ಮಗುಚು. ಕೊನೆಗೆ ನುಣುಪು ಬದಿಯಲ್ಲಿ ಹಗುರವಾಗಿ ಎರಡೂ ಕಡೆ ಎಳೆದು ಆ ತರಿ ತೆಗೆ. ಹಣ್ಣು ಟೊಮೇಟೊದ ಸಿಪ್ಪೆಯ ಮೇಲೆ ಒತ್ತದೆ ಎಳೆದರೂ ಒಳಗಿಳಿದರೆ ಕೆಲಸ ಆಯಿತು. ಎಳೆದುಬಿಟ್ಟರೆ ಹರಿತ ಎನ್ನುವ ಆ ಸೀಳಿನ ಸಾಧನ ಕೊಳ್ಳಬೇಡ. ಉಕ್ಕನ್ನು ಬೇಕಾಬಿಟ್ಟಿ ಕೆರೆದು ಹಾಕುತ್ತದೆ. ಗಾಜಿನ ಮಣೆ ಬೇಡ, ಗ್ರಾನೈಟ್ ಕಟ್ಟೆಯ ಮೇಲೆ ಹೆಚ್ಚುವುದು ಬೇಡವೇ ಬೇಡ. ಮರದ್ದೋ ಪ್ಲಾಸ್ಟಿಕ್ಕಿನದೋ ಮಣೆ ಇರಲಿ. ಸೌಟುಗಳ ಜೊತೆ ಡ್ರಾಯರಿನಲ್ಲಿ ಚಾಕು ಎಸೆಯಬೇಡ.

ಅಮ್ಮ ಕೊಟ್ಟ ಈಳಿಗೆಮಣೆಯನ್ನು ಅಟ್ಟಕ್ಕೆ ಹಾಕಿದ್ದೀಯಂತೆ, ಇಳಿಸು. ಬೀನ್ಸ್ ಸಣ್ಣಗೆ ಹೆಚ್ಚಲು, ತೆಂಗಿನಕಾಯಿ ತುರಿಯಲು ಎರಡೂ ಕೈ ಬಿಡುವಾಗಿ ಸಿಗುವ ಸಾಧನ ಅದೊಂದೇ. ಅದರ ಬಾಯನ್ನೂ ಮಸೆಯಬೇಕು, ಅಷ್ಟೆ.

ಸೆಟ್ಟಿಗೆಂದು ಇಟ್ಟ ದುಡ್ಡಿನಲ್ಲಿ ಮೊದಲು ಕಲ್ಲು ಕೊಳ್ಳು, ಆಮೇಲೆ ಚಾಕು. ಆಯುಧಪೂಜೆಗೆ ಊರಿಗೆ ಬರುವಾಗ ಎರಡನ್ನೂ ಬಟ್ಟೆಯಲ್ಲಿ ಸುತ್ತಿ ತಾ. ಪೂಜೆಯ ಮರುದಿನ ಜಗಲಿಯಲ್ಲಿ ಕೂತು ಮಸೆಯುವುದನ್ನು ಹೇಳಿಕೊಡುತ್ತೇನೆ.

ಇಂತಿ,
ನಿನ್ನ ದೊಡ್ಡಮ್ಮ