ಸರ್ಕಾರಿ ಬ್ಯಾಂಕುಗಳ ಹೂಡಿಕೆದಾರರ ಸಂಪರ್ಕ ಮತ್ತು ಸಾಮಾಜಿಕ ಜಾಲತಾಣ

ಷೇರುಪೇಟೆಯಲ್ಲಿ ನೋಂದಾಯಿತವಾದ ಸರ್ಕಾರಿ ಬ್ಯಾಂಕುಗಳಲ್ಲಿ ಕೇಂದ್ರ ಸರ್ಕಾರದ ಜೊತೆಗೆ ಸಣ್ಣ ಹೂಡಿಕೆದಾರರೂ ಷೇರುದಾರರು. ಮುಂಬೈನ ಎಸ್‌ಬಿಐ, ಬೆಂಗಳೂರಿನ ಕೆನರಾ ಬ್ಯಾಂಕ್ ಮೊದಲಾದವು ತ್ರೈಮಾಸಿಕ ಫಲಿತಾಂಶದ ಮುಖ್ಯಾಂಶಗಳನ್ನು ಎಕ್ಸ್‌ನಂಥ ಜಾಲತಾಣಗಳಲ್ಲೂ ಹಂಚಿಕೊಳ್ಳುತ್ತವೆ: ನಿವ್ವಳ ಲಾಭ, ಠೇವಣಿ ಬೆಳವಣಿಗೆ, ಅನುತ್ಪಾದಕ ಸಾಲದ ಶೇಕಡಾವಾರು ಪ್ರಮಾಣ. ಇಲ್ಲಿ ಹೊಳಪಿನ ಚಿತ್ರಕ್ಕಿಂತ ಮಾಹಿತಿ ಪ್ರಕಟಿಸುವ ಕ್ರಮವೇ ಮುಖ್ಯ. ಷೇರುಪೇಟೆ ನಿಯಂತ್ರಕ ಸೆಬಿಯ 2015ರ ಎಲ್‌ಒಡಿಆರ್ (ನೋಂದಾಯಿತ ಕಂಪನಿಗಳ ಹೊಣೆಗಾರಿಕೆ ಮತ್ತು ಮಾಹಿತಿ ಪ್ರಕಟಣೆ) ನಿಯಮಾವಳಿಯ 30ನೇ ನಿಯಮದಂತೆ ಮಹತ್ವದ ಮಾಹಿತಿಯನ್ನು ಷೇರು ವಿನಿಮಯ ಕೇಂದ್ರಗಳಿಗೆ ತಿಳಿಸಲೇಬೇಕು; 46ನೇ ನಿಯಮದಂತೆ ಬ್ಯಾಂಕಿನ ಸ್ವಂತ ವೆಬ್‌ಸೈಟಿನಲ್ಲೂ ವಿವರ ಇರಬೇಕು. ಜಾಲತಾಣದ ಪೋಸ್ಟ್ ಇವೆರಡಕ್ಕೂ ಬದಲಿಯಲ್ಲ. ಬೆಲೆ ಏರುಪೇರು ಮಾಡಬಲ್ಲ ಸುದ್ದಿ ಮೊದಲೇ ಸೋರಿದರೆ 2015ರ ಒಳವ್ಯವಹಾರ ನಿಷೇಧ ನಿಯಮಾವಳಿಯೂ ಅನ್ವಯಿಸಬಹುದು. ಅಮೆರಿಕದ ಮಾರ್ಗ ಬೇರೆ: ನೆಟ್‌ಫ್ಲಿಕ್ಸ್‌ನ ಆಗಿನ ಮುಖ್ಯಸ್ಥ ರೀಡ್ ಹೇಸ್ಟಿಂಗ್ಸ್ ಕಂಪನಿಯ ಮಾಹಿತಿ ಹಂಚಿಕೊಂಡ 2012ರ ಫೇಸ್‌ಬುಕ್ ಪೋಸ್ಟ್ ಚರ್ಚೆಗೆ ಗ್ರಾಸವಾದ ಬಳಿಕ, ಯಾವ ಜಾಲತಾಣ ನೋಡಬೇಕೆಂದು ಹೂಡಿಕೆದಾರರಿಗೆ ಮೊದಲೇ ತಿಳಿಸಿದ್ದರೆ ಅಲ್ಲಿಯೂ ಮಹತ್ವದ ಮಾಹಿತಿ ಪ್ರಕಟಿಸಬಹುದೆಂದು 2013ರಲ್ಲಿ ಅಲ್ಲಿನ ನಿಯಂತ್ರಕ ಎಸ್‌ಇಸಿ ಸ್ಪಷ್ಟಪಡಿಸಿತು.