ಕರಗದ ಹಾಸಿಗೆ, ಇಡ್ಲಿ ಉಪ್ಪಿಟ್ಟು

ಹಳೆಯ ಸೋಫಾದ ಸೀಟಿನಿಂದ ಬೆಂಕಿಪೊಟ್ಟಣದಷ್ಟು ಫೋಮ್ ಕತ್ತರಿಸಿಕೊಂಡು ಬನ್ನಿ. ಮನೆಯಲ್ಲಿ ಭೂತಗನ್ನಡಿ ಇದ್ದರೆ ಅದೂ ಇರಲಿ. ಈ ಪಾಠಕ್ಕೆ ಇಷ್ಟು ಸಾಕು. ನೀವು ರಸಾಯನಶಾಸ್ತ್ರ ಓದಿರಬೇಕೆಂದೇನಿಲ್ಲ.

ನಾವು ಸ್ಪಂಜು ಎನ್ನುವ ಈ ವಸ್ತುವಿನ ಹೆಸರು ಪಾಲಿಯುರೆಥೇನ್. ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಮಂಗಳೂರಿನ ಧಕ್ಕೆಯಿಂದ ಮೀನು ತುಂಬಿ ಬರುವ ಬಿಳಿ ಥರ್ಮೋಕೋಲ್ ಪೆಟ್ಟಿಗೆ ಇದರ ಜಾತಿಯದಲ್ಲ. ಥರ್ಮೋಕೋಲ್ ಬಿಸಿಗೆ ಕರಗಿ ಮುದ್ದೆಯಾಗುತ್ತದೆ, ಆ ಮುದ್ದೆಗೆ ಬೇರೆ ಆಕಾರ ಕೊಡಬಹುದು. ಫೋಮ್ ಹಾಗೆ ಕರಗುವುದಿಲ್ಲ. ಏಕೆ ಎಂಬುದು ತಿಳಿದರೆ ಮುಂದಿನದೆಲ್ಲ ಸುಲಭ, ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನಿಸೋಣ.

1937ರಲ್ಲಿ ಜರ್ಮನಿಯ ಲೆವರ್ಕುಸೆನ್‌ನಲ್ಲಿ ಆಟೊ ಬೇಯರ್ ಎಂಬ ವಿಜ್ಞಾನಿ ಮತ್ತು ಅವರ ಜತೆಗಾರರು ಪಾಲಿಯುರೆಥೇನ್ ತಯಾರಿಸುವ ದಾರಿ ಕಂಡುಕೊಂಡರು. ಬೇಕಾಗುವುದು ಎರಡು ದ್ರವ. ಒಂದು ಪಾಲಿಯಾಲ್, ಅದರ ಅಣುಗಳು ಉದ್ದವಾದ, ಬಳುಕುವ ಹಗ್ಗಗಳು ಎಂದುಕೊಳ್ಳಿ. ಇನ್ನೊಂದು ಐಸೊಸೈನೇಟ್, ಅದು ಎರಡು ತುದಿಗೂ ಕೊಕ್ಕೆ ಇರುವ ಅಣು. ಕೂಡಿಸಿದೊಡನೆ ಕೊಕ್ಕೆ ಹಗ್ಗವನ್ನು ಹಿಡಿಯುತ್ತದೆ, ಉದ್ದಕ್ಕೂ ಅಡ್ಡಕ್ಕೂ ಮೇಲಕ್ಕೂ ಬಲೆ ಹೆಣೆದುಕೊಳ್ಳುತ್ತದೆ. (1984ರಲ್ಲಿ ಭೋಪಾಲದಲ್ಲಿ ಸೋರಿದ ಅನಿಲವೂ ಇದೇ ಕುಲದ್ದು. ಕಾರ್ಖಾನೆಯಲ್ಲಿ ಐಸೊಸೈನೇಟನ್ನು ಬಹಳ ಎಚ್ಚರದಿಂದ ಬಳಸಬೇಕು. ಆದರೆ ಫೋಮ್ ಆದ ಮೇಲೆ ಕೊಕ್ಕೆಗಳೆಲ್ಲ ಸಿಕ್ಕಿಕೊಂಡುಬಿಟ್ಟಿರುತ್ತವೆ. ನಿಮ್ಮ ಹಾಸಿಗೆಗೆ ನೀವು ಹೆದರಬೇಕಾಗಿಲ್ಲ.)

ಜತೆಗೆ ಸ್ವಲ್ಪ ನೀರು ಬೆರೆಸುತ್ತಾರೆ. ನೀರು ಐಸೊಸೈನೇಟಿನೊಡನೆ ಸೇರಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ದಕ್ಷಿಣ ಕನ್ನಡದ ಮಡಂತ್ಯಾರಿನ ಕ್ರೈಸ್ತರ ಮನೆಗಳಲ್ಲಿ ಇಡ್ಲಿಯಂಥ ಸಾನ್ನಾಂ ಮಾಡಲು ಕಳ್ಳು ಹಾಕಿದಾಗ ಹಿಟ್ಟನ್ನು ಉಬ್ಬಿಸುವುದೂ ಇದೇ ಅನಿಲ. ಈಗ ಭೂತಗನ್ನಡಿಯಲ್ಲಿ ನಿಮ್ಮ ತುಂಡನ್ನು ನೋಡಿ: ಗುಳ್ಳೆ ಒಡೆದ ಗುರುತುಗಳೂ ಅವುಗಳ ನಡುವಿನ ಸಣ್ಣ ಕಡ್ಡಿಗಳೂ ಕಾಣುತ್ತವೆ. ಬೆಂದ ಇಡ್ಲಿ ಮತ್ತೆ ಹಿಟ್ಟಾಗುವುದಿಲ್ಲವಷ್ಟೆ? ಹೆಣೆದುಕೊಂಡ ಬಲೆಯೂ ಬರಿಯ ಬಿಸಿಗೆ ಬಿಚ್ಚುವುದಿಲ್ಲ. ಇನ್ನೂ ಕಾಯಿಸಿದರೆ ಕರಕಲಾಗುತ್ತದೆ. ರಬ್ಬರ್ ತೋಟ ಇರುವವರಿಗೆ ಇದು ಹೊಸತಲ್ಲ: ಶೀಟಿಗೆ ಬೇಕಾದ ರೂಪ ಕೊಡಬಹುದು, ಗಂಧಕ ಸೇರಿಸಿ ಬೇಯಿಸಿದ ಟಯರನ್ನು ಕರಗಿಸಲಾಗದು.

ಹಾಗಾದರೆ ಉಳಿದ ಇಡ್ಲಿಯನ್ನು ನಮ್ಮ ಅಡುಗೆಮನೆಯಲ್ಲಿ ಏನು ಮಾಡುತ್ತಾರೆ? ಪುಡಿ ಮಾಡಿ, ಒಗ್ಗರಣೆ ಹಾಕಿ ಉಪ್ಪಿಟ್ಟು ಮಾಡುತ್ತಾರೆ. ಫೋಮಿಗೂ ಹೆಚ್ಚಾಗಿ ನಡೆಯುವ ಉಪಚಾರ ಇದೇ. ಯಂತ್ರದಲ್ಲಿ ಚೂರು ಮಾಡಿ, ಪಾಲಿಯಾಲ್ ಮತ್ತು ಐಸೊಸೈನೇಟಿನಿಂದಲೇ ಮಾಡಿದ ಅಂಟನ್ನು ಸವರಿ, ಅಚ್ಚಿನಲ್ಲಿ ತುಂಬಿ ಒತ್ತಿ, ಬಿಸಿ ಹಬೆ ಹಾಯಿಸುತ್ತಾರೆ. ಹೊರಬರುವ ಗಟ್ಟಿ ದಿಮ್ಮಿಗೆ ಅಂಗಡಿಯವರು ರೀಬಾಂಡೆಡ್ ಎನ್ನುತ್ತಾರೆ. ಬೆನ್ನುನೋವಿಗೆಂದು ಮಾರುವ ಎಷ್ಟೋ ಬಿಗಿ ಹಾಸಿಗೆಗಳ ಒಳಗಿರುವುದು ಇದು. ಮುಂದಿನ ಸಲ ಅಂಗಡಿಗೆ ಹೋದಾಗ ಜಿಪ್ ಸರಿಸಿ ನೋಡಿ. ಹಳದಿ, ಗುಲಾಬಿ, ಬೂದು ಚುಕ್ಕೆಗಳು ಒತ್ತಿಕೊಂಡು ಕುಳಿತಿರುತ್ತವೆ. ಅಮೆರಿಕದಲ್ಲಿ ಇದನ್ನು ಮನೆಯ ಕಾರ್ಪೆಟ್ಟಿನ ಅಡಿಗೆ ಹಾಸುತ್ತಾರೆ. ಕಡಿಮೆ ದರ್ಜೆಯ ಮಾಲು ಎಂದು ಇದನ್ನು ತಳ್ಳಿಹಾಕುವುದು ನನಗೆ ಸರಿ ಕಾಣುವುದಿಲ್ಲ. ಉಪ್ಪಿಟ್ಟು ಇಡ್ಲಿಯಲ್ಲ, ಆದರೆ ಹೊಟ್ಟೆ ತುಂಬುತ್ತದೆ.

ಎರಡನೆಯ ದಾರಿ ಕೊಕ್ಕೆಯನ್ನೇ ಬಿಡಿಸುವುದು. ಕಾರಿನ ಕೂಲಂಟ್‌ನಲ್ಲಿ ಇರುತ್ತದಲ್ಲ, ಆ ಗ್ಲೈಕಾಲ್ ಕುಲದ ದ್ರವದಲ್ಲಿ ಫೋಮಿನ ಚೂರುಗಳನ್ನು ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕಾಯಿಸುತ್ತಾರೆ. ಗ್ಲೈಕಾಲ್ ತಾನೇ ಕೊಕ್ಕೆಗೆ ಸಿಕ್ಕಿಕೊಂಡು ಹಗ್ಗವನ್ನು ಬಿಡಿಸುತ್ತದೆ. ಪಾಲಿಯಾಲ್ ದ್ರವವಾಗಿ ಮರಳುತ್ತದೆ. ಅದನ್ನು ಹೊಸದರ ಜತೆ ಬೆರೆಸಿ ಮತ್ತೆ ಫೋಮ್ ಮಾಡಬಹುದು. ಈ ವಿಧಾನಕ್ಕೆ ಗ್ಲೈಕಾಲಿಸಿಸ್ ಎಂದು ಹೆಸರು. ಬೆಂದ ಇಡ್ಲಿಯನ್ನು ಹಿಟ್ಟಿಗೆ ತಿರುಗಿಸುವುದಕ್ಕೆ ಇದಕ್ಕಿಂತ ಹತ್ತಿರದ್ದು ನನಗೆ ತಿಳಿದಿಲ್ಲ. ಆದರೆ ಬಟ್ಟೆ, ಅಂಟು, ಬೇರೆ ಬಗೆಯ ಫೋಮ್ ಬೆರೆತಷ್ಟೂ ಸಿಗುವ ದ್ರವ ಕೆಡುತ್ತದೆ.

ಇಷ್ಟೆಲ್ಲ ಸಾಧ್ಯವಿದ್ದೂ ಗುಜರಿಯವರು ಹಾಸಿಗೆ ಎಂದರೆ ಮುಖ ತಿರುಗಿಸುವುದೇಕೆ? ಲೆಕ್ಕ ಹಾಕಿ. ಆರು ಅಡಿ ಉದ್ದ, ಮೂರಡಿ ಅಗಲ, ನಾಲ್ಕಿಂಚು ದಪ್ಪದ ಹಾಸಿಗೆಯ ಫೋಮ್ ಸುಮಾರು 5 ಕಿಲೋ ತೂಗುತ್ತದೆ. ಅದರಲ್ಲಿರುವ ನಿಜವಾದ ಪದಾರ್ಥ ನಾಲ್ಕೈದು ಲೀಟರಿನ ಎಣ್ಣೆ ಡಬ್ಬಿಯಲ್ಲಿ ಹಿಡಿಸೀತು. ಮಿಕ್ಕಿದ್ದೆಲ್ಲ ಗಾಳಿ. ಮಡಂತ್ಯಾರಿನಿಂದ ಬಿ.ಸಿ.ರೋಡಿಗೆ ಲಾರಿ ತುಂಬ ಒಯ್ದರೂ ಬಾಡಿಗೆ ಕೊಡುವುದು ಗಾಳಿಗೇ. ಗಾಳಿಯನ್ನು ಹಿಂಡಿ ಕಟ್ಟು ಕಟ್ಟುವ ಒಂದು ಯಂತ್ರ ಪೇಟೆಯ ಸಮೀಪವೇ ಇದ್ದರೆ ಲೆಕ್ಕ ಬದಲಾಗುತ್ತದೆ.

ಬೇಸರವೆಂದು ಹಿತ್ತಲಲ್ಲಿ ಸುಡಲು ಮಾತ್ರ ಹೋಗಬೇಡಿ. ಉರಿಯುವ ಫೋಮಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಜತೆಗೆ ಹೈಡ್ರೋಜನ್ ಸಯನೈಡ್ ಎಂಬ ವಿಷಾನಿಲವೂ ಇರುತ್ತದೆ. ಅಂಗಳದ ಮೂಲೆಗೆ ಎಸೆದರೆ ಜೂನಿನ ಮೊದಲ ವಾರವೇ ಅದು ನೀರು ಕುಡಿದು, ಬೂಸ್ಟು ಹಿಡಿದು, ಇಬ್ಬರು ಎತ್ತಲಾರದ ಭಾರವಾಗುತ್ತದೆ. ಆ ವಾಸನೆಯ ಫೋಮ್ ಯಾರಿಗೂ ಬೇಡ. ಆದ್ದರಿಂದ ಬಿಸಿಲು ಇರುವಾಗಲೇ ಹೊದಿಕೆ ಬಿಚ್ಚಿ, ಚೆನ್ನಾಗಿ ಒಣಗಿಸಿ, ಬಿಗಿಯಾಗಿ ಸುತ್ತಿ, ಕೊಳ್ಳುವವರು ಸಿಗುವ ತನಕ ಅಟ್ಟದ ಮೇಲಿಡಿ.