ಹಿಂದಿನ ಬೆಂಚಿನಲ್ಲಿ ಉಳಿದ ಇಬ್ಬರು
(ಕಿರು ಸಮುದಾಯದ ಕೂಟಗಳಿಗಾಗಿ ಮೇ ತಿಂಗಳ ಪಾಠ)

ಓದಿಕೊಂಡು ಬರಬೇಕಾದ ವಾಚನಗಳು: ಮತ್ತಾಯ 20:1-16; ಧರ್ಮೋಪದೇಶಕಾಂಡ 24:14-15



ಮೇ ತಿಂಗಳಲ್ಲಿ ದುಡಿಮೆಗೆ ಸಂಬಂಧಪಟ್ಟ ಮೂರು ದಿನಗಳು ಬರುತ್ತವೆ. ಒಂದನೇ ತಾರೀಕು ಕಾರ್ಮಿಕ ಸಂತ ಜೋಸೆಫರ ಹಬ್ಬ. ಇದನ್ನು 1955ರಲ್ಲಿ ಜಗದ್ಗುರು ಹನ್ನೆರಡನೇ ಪಿಯುಸ್ ಸ್ಥಾಪಿಸಿದರು. ಹನ್ನೆರಡನೇ ತಾರೀಕು ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ದಿನ, ಲೋಕವೆಲ್ಲ ಆಚರಿಸುವ ನರ್ಸ್‌ಗಳ ದಿನ. ಹದಿನೈದು, 1891ರಲ್ಲಿ ಜಗದ್ಗುರು ಹದಿಮೂರನೇ ಲಿಯೋ ಅವರು ಕಾರ್ಮಿಕರ ಸ್ಥಿತಿಯ ಬಗ್ಗೆ 'ರೇರುಂ ನೊವಾರುಂ' ಎಂಬ ವಿಶ್ವಪತ್ರ ಹೊರಡಿಸಿದ ದಿನ.

ಕಳೆದ ವರ್ಷ ನರ್ಸ್‌ಗಳ ದಿನಕ್ಕೆ ಹತ್ತಿರದ ಭಾನುವಾರ, ಪೂಜೆಯ ಕೊನೆಯಲ್ಲಿ, ನರ್ಸ್‌ಗಳೆಲ್ಲ ಮುಂದೆ ಬನ್ನಿ ಎಂದು ಕರೆದು ಒಂದೊಂದು ಗುಲಾಬಿ ಕೊಟ್ಟೆವು. ಇಬ್ಬರು ಹಿಂದಿನ ಬೆಂಚಿನಿಂದ ಏಳಲಿಲ್ಲ. ಒಬ್ಬಳ ಗಲ್ಫಿನ ಕಾಂಟ್ರಾಕ್ಟ್ ನವೀಕರಣವಾಗಿರಲಿಲ್ಲ. ಇನ್ನೊಬ್ಬಳನ್ನು ಒಂದು ಖಾಸಗಿ ಆಸ್ಪತ್ರೆ ಎರಡು ವಾರಗಳ ಹಿಂದೆ ಬಿಡಿಸಿತ್ತು. ಇದು ನಮಗೆ ಗೊತ್ತಾಗಿದ್ದು ಎಷ್ಟೋ ದಿನದ ಮೇಲೆ. ಗಲ್ಫಿನಿಂದ ಬಂದವಳ ತಾಯಿ ಏಳು ತಿಂಗಳು ಎಲ್ಲರಿಗೂ ಒಂದೇ ಉತ್ತರ ಕೊಟ್ಟಿದ್ದರು: "ರಜೆಯಲ್ಲಿ ಬಂದಿದ್ದಾಳೆ." ಪೂಜೆ ಮುಗಿದು ಅಂಗಳಕ್ಕೆ ಬಂದರೆ "ಎಂತ, ಯಾವಾಗ ವಾಪಸ್ ಹೋಗುವುದು?" ಎಂದು ಕೇಳುವವರು ನಾವೇ. ಕೊನೆಗೆ ಆ ಹುಡುಗಿ ಪಕ್ಕದ ಧರ್ಮಕೇಂದ್ರದ ಮಲಯಾಳ ಪೂಜೆಗೆ ಹೋಗತೊಡಗಿದಳು. ಅಲ್ಲಿ ಗುರುತಿನವರು ಕಡಿಮೆ.

ಈ ತಿಂಗಳ ಪಾಠಕ್ಕೆ ದ್ರಾಕ್ಷಾತೋಟದ ಸಾಮತಿಯನ್ನು ಆರಿಸಿಕೊಳ್ಳಲು ಆ ಇಬ್ಬರೇ ಕಾರಣ. ಈ ಸಾಮತಿಯಲ್ಲಿ ಸಾಮಾನ್ಯವಾಗಿ ನಾವು ಮಾತನಾಡುವುದು ಕೊನೆಯ ಭಾಗದ ಬಗ್ಗೆ: ಎಲ್ಲರಿಗೂ ಸಮಾನ ಕೂಲಿ, ಮೊದಲು ಬಂದವರ ಗೊಣಗಾಟ. ಈ ಸಲ ಸಂಜೆ ಐದು ಗಂಟೆಯ ಹೊತ್ತಿನಲ್ಲಿ ಸಂತೆಬೀದಿಯಲ್ಲಿ ನಿಲ್ಲೋಣ. ದಿನವಿಡೀ ಇಲ್ಲಿ ಸುಮ್ಮನೆ ನಿಂತಿದ್ದೀರಲ್ಲ ಎಂದು ಯಜಮಾನ ಕೇಳುತ್ತಾನೆ. ನಮ್ಮನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ ಎಂಬುದು ಅವರ ಉತ್ತರ. ಯಜಮಾನ ಆ ಉತ್ತರವನ್ನು ನಂಬುತ್ತಾನೆ. ಸೋಮಾರಿಗಳೋ, ಕೈಯಲ್ಲಿ ಕೆಲಸ ಬಾರದವರೋ ಎಂದು ವಿಚಾರಿಸುವುದಿಲ್ಲ.

ನಾವು ಮಾತ್ರ ವಿಚಾರಿಸುತ್ತೇವೆ. ನರ್ಸ್ ಕೆಲಸ ಕಳೆದುಕೊಂಡಳೆಂದರೆ ಏನೋ ತಪ್ಪು ಮಾಡಿರಬೇಕು ಎಂಬ ಗುಮಾನಿ ನಮ್ಮಲ್ಲಿ ಇದೆ. ಕಾಯಿಲೆ ಎಂದೂ ಕಡಿಮೆಯಾಗುವುದಿಲ್ಲ, ಆದ್ದರಿಂದ ನರ್ಸಿಂಗ್ ಕಲಿತವಳಿಗೆ ಅನ್ನಕ್ಕೆ ಕೊರತೆಯಿಲ್ಲ ಎಂದು ನಂಬಿಯೇ ಅಲ್ಲವೇ ಸಾಲ ಮಾಡಿ ಮಕ್ಕಳನ್ನು ಮಂಗಳೂರಿನ ಕಾಲೇಜುಗಳಿಗೆ ಕಳುಹಿಸಿದ್ದು? ಮೂರು ವರ್ಷದ ಜಿ.ಎನ್.ಎಂ., ನಾಲ್ಕು ವರ್ಷದ ಬಿ.ಎಸ್ಸಿ., ಎರಡರ ಹಿಂದೆಯೂ ಅದೇ ಲೆಕ್ಕ. ಆ ಲೆಕ್ಕ ಎಲ್ಲಿ ತಪ್ಪುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಆಸ್ಪತ್ರೆಗೆ ಹಣ ಬರುವುದು ಕಾಯಿಲೆಯಿಂದಲ್ಲ, ಹಣ ಕಟ್ಟಬಲ್ಲ ರೋಗಿಯಿಂದ. ಆರ್ಥಿಕ ಹಿಂಜರಿತ ಬಂದು ಕೂಲಿ, ಸಂಬಳ, ವ್ಯಾಪಾರ ಕುಸಿದಾಗ ಜನ ಮಂಡಿ ಶಸ್ತ್ರಚಿಕಿತ್ಸೆಯನ್ನೋ ಹರ್ನಿಯಾವನ್ನೋ ಮುಂದೂಡುತ್ತಾರೆ. ನೋವು ಹಾಗೆಯೇ ಇರುತ್ತದೆ, ಹಾಸಿಗೆ ಮಾತ್ರ ಖಾಲಿ. ಆಸ್ಪತ್ರೆಯ ಖರ್ಚಿನ ದೊಡ್ಡ ಪಾಲು ಸಂಬಳ, ಸಿಬ್ಬಂದಿಯಲ್ಲಿ ದೊಡ್ಡ ಗುಂಪು ನರ್ಸ್‌ಗಳು. ಆದ್ದರಿಂದ ಕತ್ತರಿ ಮೊದಲು ಬೀಳುವುದು ಕಾಂಟ್ರಾಕ್ಟಿನವರ ಮೇಲೆ, 'ಟ್ರೈನಿ' ಎಂದು ಹೆಸರಿಟ್ಟು ದುಡಿಸಿಕೊಂಡವರ ಮೇಲೆ. ಉಳಿದವರಿಗೆ ಒಂದೊಂದು ಡ್ಯೂಟಿಗೂ ನೋಡಿಕೊಳ್ಳಬೇಕಾದ ರೋಗಿಗಳ ಸಂಖ್ಯೆ ಹೆಚ್ಚುತ್ತದೆ.

2008ರ ಹೊತ್ತಿಗೆ ಅಮೆರಿಕದಲ್ಲಿ ಆದದ್ದು ಇನ್ನೂ ವಿಚಿತ್ರ. ನರ್ಸ್‌ಗಳ ಕೊರತೆ ಇದೆ ಎಂದು ವರ್ಷಗಟ್ಟಲೆ ಹೇಳುತ್ತಿದ್ದ ದೇಶ ಅದು. ಹಿಂಜರಿತದಲ್ಲಿ ಗಂಡಂದಿರ ಕೆಲಸ ಹೋಯಿತು, ಇಲ್ಲವೇ ಹೋಗುವ ಭಯ ಬಂತು. ಮನೆಯಲ್ಲಿದ್ದ ಹಿರಿಯ ನರ್ಸ್‌ಗಳು ಮತ್ತೆ ಡ್ಯೂಟಿಗೆ ಬಂದರು, ನಿವೃತ್ತಿಯಾಗಬೇಕಿದ್ದವರು ನಿಂತರು. 2007 ಮತ್ತು 2008ರಲ್ಲಿ ಅಲ್ಲಿ ಕೆಲಸದಲ್ಲಿದ್ದ ನರ್ಸ್‌ಗಳ ಸಂಖ್ಯೆ ಸುಮಾರು 2,43,000ದಷ್ಟು ಏರಿತೆಂದು ಸಂಶೋಧಕರು ಅಂದಾಜು ಮಾಡಿದ್ದಾರೆ. ಆಗತಾನೇ ಪಾಸಾಗಿ ಬಂದ ಹುಡುಗಿಯರಿಗೆ ಬಾಗಿಲು ಮುಚ್ಚಿತು. ನಮ್ಮವರಿಗೂ ಮುಚ್ಚಿತು. 2005ರಲ್ಲಿ ಮುಖ್ಯವಾಗಿ ವಿದೇಶಿ ನರ್ಸ್‌ಗಳಿಗೂ ಅವರ ಕುಟುಂಬಗಳಿಗೂ ಎಂದು ಅಲ್ಲಿನ ಸರ್ಕಾರ ಬಿಟ್ಟಿದ್ದ 50,000 ವೀಸಾಗಳು 2006ರ ಕೊನೆಗೇ ಮುಗಿದಿದ್ದವು. ಆಮೇಲೆ ಸಾಲು ನಿಂತೇಬಿಟ್ಟಿತು. ಪರೀಕ್ಷೆಗಳನ್ನೆಲ್ಲ ಪಾಸು ಮಾಡಿ ಇಲ್ಲಿ ಕಾಯುತ್ತಾ ಕೂತವಳು ಮಾಡಿದ ತಪ್ಪೇನು?

2020 ನಮಗೆಲ್ಲ ನೆನಪಿದೆ. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ನರ್ಸ್‌ಗಳ ಮತ್ತು ಸೂಲಗಿತ್ತಿಯರ ವರ್ಷವೆಂದು ಘೋಷಿಸಿತ್ತು. ಮಾರ್ಚ್ 22ರ ಸಂಜೆ ನಾವೂ ಜಗಲಿಯಲ್ಲಿ ನಿಂತು ತಟ್ಟೆ ಬಡಿದೆವು. ಮರುತಿಂಗಳು, ಏಪ್ರಿಲಿನಲ್ಲಿ, ಅಮೆರಿಕದ ಆರೋಗ್ಯ ಕ್ಷೇತ್ರವೊಂದರಲ್ಲೇ ಸುಮಾರು 14 ಲಕ್ಷ ಕೆಲಸಗಳು ಹೋದವು. ಅವುಗಳಲ್ಲಿ ಹೆಚ್ಚಿನವು ದಂತವೈದ್ಯರ ಮತ್ತು ವೈದ್ಯರ ಕ್ಲಿನಿಕ್‌ಗಳಲ್ಲಿ, ಆದರೂ ಆಸ್ಪತ್ರೆಗಳೂ ಬಿಡಿಸಿದವು. ನಮ್ಮ ದೇಶದಲ್ಲೂ ಖಾಸಗಿ ಆಸ್ಪತ್ರೆಗಳು ಸಂಬಳ ಕತ್ತರಿಸಿದವು. ನಮ್ಮ ಕಾಸರಗೋಡಿನವರಿಗೆ ಇನ್ನೊಂದು ಪೆಟ್ಟು: ತಲಪಾಡಿಯಲ್ಲಿ ಗಡಿ ಮುಚ್ಚಿತು, ಒಳದಾರಿಗಳಿಗೆ ಮಣ್ಣು ಸುರಿದರು. ಮಂಜೇಶ್ವರದಿಂದ ದಿನಾ ಬಸ್ಸು ಹತ್ತಿ ಮಂಗಳೂರಿನ ಡ್ಯೂಟಿಗೆ ಹೋಗುತ್ತಿದ್ದವರು ಮನೆಯಲ್ಲಿ ಕೂತರು.

ಹಾಗಾದರೆ ಕೆಲಸ ಕಳೆದವರು ಯಾರು? ಇಲ್ಲಿ ಧರ್ಮಸಭೆಯ ಬೋಧನೆ ಒಂದು ಉಪಯುಕ್ತವಾದ ವಿಚಾರ ಕೊಡುತ್ತದೆ. ಜಗದ್ಗುರು ಎರಡನೇ ಜಾನ್ ಪೌಲರು 1981ರಲ್ಲಿ ಬರೆದ 'ಲಬೋರೆಂ ಎಕ್ಸೆರ್ಸೆನ್ಸ್' ಎಂಬ ವಿಶ್ವಪತ್ರದಲ್ಲಿ ಉದ್ಯೋಗದಾತರು ಎರಡು ಬಗೆ ಎನ್ನುತ್ತಾರೆ. ಸಂಬಳ ಕೊಡುವವನು ನೇರ ಉದ್ಯೋಗದಾತ. ಆ ಸಂಬಳವನ್ನೂ ಷರತ್ತುಗಳನ್ನೂ ದೂರದಿಂದ ನಿರ್ಧರಿಸುವ ವ್ಯಕ್ತಿಗಳು, ಸಂಸ್ಥೆಗಳು, ಸರ್ಕಾರಗಳೆಲ್ಲ ಸೇರಿ ಪರೋಕ್ಷ ಉದ್ಯೋಗದಾತ. ನಿರುದ್ಯೋಗ ಎಲ್ಲ ಸಂದರ್ಭದಲ್ಲೂ ಕೆಡುಕೇ ಎಂದೂ, ಓದಿ ತಯಾರಾದ ಯುವಜನರಿಗೆ ಕೆಲಸ ಸಿಗದಿರುವುದು ವಿಶೇಷವಾಗಿ ನೋವಿನದೆಂದೂ ಅದೇ ಪತ್ರ ಹೇಳುತ್ತದೆ. ನಮ್ಮ ಇಬ್ಬರ ವಿಷಯದಲ್ಲಿ ಈ ಪರೋಕ್ಷದವರನ್ನು ಎಣಿಸಿ ನೋಡಿ: ವೀಸಾ ನಿಯಮ ಬದಲಿಸಿದ ಸರ್ಕಾರ, ಇಷ್ಟೇ ಕೊಡುತ್ತೇವೆ ಎನ್ನುವ ವಿಮಾ ಕಂಪನಿ, ಲಕ್ಷಗಟ್ಟಲೆ ವಸೂಲು ಮಾಡಿದ ಏಜೆಂಟ್. ಬಿಲ್ಲು ಕಡಿಮೆ ಇರಲಿ, ನರ್ಸ್ ಮಾತ್ರ ಕರೆದ ಕೂಡಲೇ ಬರಲಿ ಎನ್ನುವ ನಾವೂ ಆ ಪಟ್ಟಿಯಿಂದ ಹೊರಗಿಲ್ಲ.

ನೇರ ಉದ್ಯೋಗದಾತರಲ್ಲಿ ನಮ್ಮವರೇ ನಡೆಸುವ ಆಸ್ಪತ್ರೆಗಳೂ ಇವೆ. ವಾರ್ಡಿನಲ್ಲಿ ನರ್ಸನ್ನೂ ಸನ್ಯಾಸಿನಿಯನ್ನೂ ರೋಗಿಗಳು 'ಸಿಸ್ಟರ್' ಎಂದೇ ಕರೆಯುತ್ತಾರೆ. ಆ ಹೆಸರಿನಿಂದಾಗಿ ಇದು ಸೇವೆ, ಸಂಬಳ ಕೇಳಬಾರದು ಎಂಬ ಮಾತು ಸುಲಭವಾಗಿ ಬಂದುಬಿಡುತ್ತದೆ. ಕನ್ಯಾಸ್ತ್ರೀಯರಿಗೆ ಮಠವಿದೆ, ಈ ಸಿಸ್ಟರಿಗೆ ಮನೆಯಲ್ಲಿ ಸಾಲದ ಕಂತು ಇದೆ. ಬಡ ಕೂಲಿಯಾಳಿನ ಸಂಬಳ ಅಂದಂದೇ, ಸೂರ್ಯ ಮುಳುಗುವ ಮೊದಲು ಕೊಡಬೇಕೆಂಬ ಧರ್ಮೋಪದೇಶಕಾಂಡದ ಮಾತಿಗೆ ಕ್ರೈಸ್ತ ಸಂಸ್ಥೆಗಳಿಗೆ ವಿನಾಯಿತಿ ಇಲ್ಲ. ಕೇರಳದಲ್ಲಿ ಖಾಸಗಿ ಆಸ್ಪತ್ರೆಯ ನರ್ಸ್‌ಗಳಿಗೆ ಕನಿಷ್ಠ ಮೂಲವೇತನ 20,000 ರೂಪಾಯಿ ಎಂಬ ಸರ್ಕಾರಿ ಆಜ್ಞೆ 2018ರಲ್ಲಿ ಬಂದದ್ದು ನರ್ಸ್‌ಗಳು ಮುಷ್ಕರ ಮಾಡಿದ ಮೇಲೆ. ಕಾರ್ಮಿಕರು ಸಂಘ ಕಟ್ಟುವ ಹಕ್ಕನ್ನು 1891ರ ಪತ್ರವೇ ಎತ್ತಿಹಿಡಿದಿದೆ ಎಂಬುದನ್ನು ಆ ಮುಷ್ಕರವನ್ನು ಬೈದ ನಮ್ಮಲ್ಲಿ ಕೆಲವರು ಮರೆತಿದ್ದರು.

ಇನ್ನು ಮನೆಗಳಿಗೆ ಬೇಕಾದ ಕೆಲವು ಮಾತು. ಖಾಸಗಿ ಆಸ್ಪತ್ರೆಯಲ್ಲಿ ಒಂದು ವರ್ಷ ಸತತ ಕೆಲಸ ಮಾಡಿದವಳನ್ನು ಸಿಬ್ಬಂದಿ ಹೆಚ್ಚಾಯಿತೆಂದು ತೆಗೆಯುವುದಾದರೆ ಒಂದು ತಿಂಗಳ ನೋಟಿಸು ಅಥವಾ ಆ ಸಂಬಳ, ಜೊತೆಗೆ ಸೇವೆಯ ಪ್ರತಿ ವರ್ಷಕ್ಕೆ 15 ದಿನದ ವೇತನ ಕೊಡಬೇಕೆಂಬುದು ಕಾರ್ಮಿಕ ಕಾನೂನಿನ ಸಾಮಾನ್ಯ ನಿಯಮ. ಇದನ್ನು ತಪ್ಪಿಸಲು "ರಾಜೀನಾಮೆ ಬರೆದುಕೊಡಿ, ಒಳ್ಳೆಯ ಸರ್ಟಿಫಿಕೇಟ್ ಕೊಡುತ್ತೇವೆ" ಎನ್ನುವುದುಂಟು. ನಮ್ಮ ಎರಡನೆಯವಳು ಹಾಗೆಯೇ ಸಹಿ ಹಾಕಿದಳು, ಪರಿಹಾರ ಕೇಳಲು ಹೋದಾಗ ಆ ಕಾಗದವನ್ನೇ ತೋರಿಸಿದರು. ಸಹಿಗೆ ಮೊದಲು ತಿಳಿದವರೊಬ್ಬರಿಗೆ ತೋರಿಸಿ. ಇ.ಎಸ್.ಐ. ಇದ್ದರೆ ಕೆಲಸ ಹೋದವರಿಗೆ ಅಲ್ಲಿ 'ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ' ಎಂಬುದಿದೆ. ಶಾಖಾ ಕಚೇರಿಯಲ್ಲಿ ವಿಚಾರಿಸಬೇಕು.

ಗಡಿಯವರಾದ ನಮಗೆ ಇನ್ನೊಂದು ತೊಡಕು. ಮಂಗಳೂರಿನಲ್ಲಿ ಕಲಿತವರ ನೋಂದಣಿ ಕರ್ನಾಟಕದ ನರ್ಸಿಂಗ್ ಕೌನ್ಸಿಲಿನಲ್ಲಿ ಇರುತ್ತದೆ. ಅಲ್ಲಿ ಕೆಲಸ ಹೋಗಿ ಕಾಸರಗೋಡಿನಲ್ಲಿ ಸೇರಬೇಕೆಂದರೆ ಕೇರಳದ ಕೌನ್ಸಿಲಿನಲ್ಲಿ ನೋಂದಾಯಿಸಿಕೊಳ್ಳಬೇಕು. ಕೆಲಸ ಇರುವಾಗಲೇ ಇದನ್ನು ಮಾಡಿಟ್ಟುಕೊಂಡರೆ ಒಳ್ಳೆಯದು. ವಿದೇಶಕ್ಕೆ ಹೋಗುವವರಿಗೆ ನೋರ್ಕಾ ಮತ್ತು ಒಡೆಪೆಕ್ ಎಂಬ ಕೇರಳ ಸರ್ಕಾರದ ಸಂಸ್ಥೆಗಳಿವೆ. ಮಲಯಾಳದ ಕಾಗದಪತ್ರ ಓದಲಾಗದೆ ಏಜೆಂಟರ ಕೈಗೆ ಬೀಳುವ ಮನೆಗಳು ನಮ್ಮಲ್ಲಿ ಇರುವುದರಿಂದ, ಓದಿ ತುಂಬಿಸಿಕೊಡಲು ಯುವಜನರಲ್ಲಿ ಇಬ್ಬರು ಒಪ್ಪಿದ್ದಾರೆ. ಭಾನುವಾರ ಪೂಜೆಯ ನಂತರ ಧರ್ಮೋಪದೇಶದ ಕೋಣೆಯಲ್ಲಿ ಸಿಗುತ್ತಾರೆ.

ಕೂಟದಲ್ಲಿ ಮಾತನಾಡಲು: ಸಾಮತಿಯಲ್ಲಿ ಸಂಜೆ ಐದರವರೆಗೂ ಸಂತೆಬೀದಿಯಲ್ಲೇ ನಿಂತಿದ್ದವರು ಮನೆಗೆ ಏಕೆ ಹೋಗಿರಲಿಲ್ಲ? ನಮ್ಮ ವಾಳೆಯಲ್ಲಿ ಕೆಲಸ ಕಳೆದುಕೊಂಡವರು ಅದನ್ನು ಯಾರಿಗೆ ಧೈರ್ಯವಾಗಿ ಹೇಳಬಹುದು? ನಮ್ಮ ಮನೆಯ ರೋಗಿಯನ್ನು ನೋಡಿಕೊಂಡ ನರ್ಸಿನ ಸಂಬಳ ಎಷ್ಟಿತ್ತೆಂದು ನಮ್ಮಲ್ಲಿ ಯಾರಿಗಾದರೂ ಗೊತ್ತೇ? ಈ ವರ್ಷ ಗುಲಾಬಿ ಕೊಡುವಾಗ ಡ್ಯೂಟಿಯಲ್ಲಿರುವವರನ್ನೂ ಇಲ್ಲದವರನ್ನೂ ಒಟ್ಟಿಗೆ ಕರೆಯುವುದು ಹೇಗೆ, ಅಥವಾ ಕರೆಯದೆ ಅವರಿರುವ ಬೆಂಚಿಗೇ ಹೋಗಿ ಕೊಡುವುದೇ ಎಂಬುದನ್ನು ಪ್ರತಿ ವಾಳೆಯವರು ಚರ್ಚಿಸಿ, ಹತ್ತನೇ ತಾರೀಕಿನ ಒಳಗೆ ಗುರಿಕಾರರ ಮೂಲಕ ತಿಳಿಸಬೇಕು.